ತಂತಿಬಲೆಯ ಛತ್ರಿಯಿಂದ ಟಿ.ವಿ. ಕಡ್ಡಿಯವರೆಗೆ

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಅದಕ್ಕೂ ಆರು ವರ್ಷ ಮೊದಲೇ ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಜನ ಸಂಜೆ ಹೊತ್ತು ಶಾಲೆಯ ಅಂಗಳದಲ್ಲಿ ಕುಳಿತು ಟೆಲಿವಿಷನ್ ನೋಡುತ್ತಿದ್ದರು. ನೋಡಿದ್ದಷ್ಟೇ ಅಲ್ಲ, ಒಂದು ವರ್ಷ ಅದಕ್ಕೆ ಒಗ್ಗಿಕೊಂಡು, ಬಳಿಕ ಅದನ್ನು ಕಳೆದುಕೊಂಡೂ ಆಗಿತ್ತು. ರಾಜಧಾನಿ ಕಂಡ ವಸ್ತು ಹತ್ತಿಪ್ಪತ್ತು ವರ್ಷ ತಡವಾಗಿ ಕಲ್ಯಾಣ ಕರ್ನಾಟಕಕ್ಕೆ ಬರುತ್ತದೆ ಎಂಬುದು ರೂಢಿಯ ಮಾತು. ಟೆಲಿವಿಷನ್ನಿನ ಮಟ್ಟಿಗೆ ಆ ಮಾತು ತಲೆಕೆಳಗಾಗಿತ್ತು.

ಇದನ್ನು ನೆನೆಯಲು ಈಗ ಕಾರಣವಿದೆ. ಸಿಂಧನೂರು, ಲಿಂಗಸುಗೂರು, ಮಸ್ಕಿಯಂಥ ಊರುಗಳಲ್ಲೂ ಕೇಬಲ್ ಸಂಪರ್ಕ ಬಿಡಿಸಿ, ಟಿ.ವಿ.ಯ ಬೆನ್ನಿಗೆ ಬೆರಳುದ್ದದ ಒಂದು ‘ಸ್ಟಿಕ್’ ಸಿಕ್ಕಿಸಿ, ಇಂಟರ್‌ನೆಟ್ ಮೂಲಕ ಸಿನಿಮಾ, ಧಾರಾವಾಹಿ, ಕ್ರಿಕೆಟ್ ನೋಡುವ ಮನೆಗಳು ಕಾಣಸಿಗುತ್ತವೆ. ಕೇಬಲ್ ಯುಗ ಮುಗಿಯಿತೇ ಎಂಬ ಪ್ರಶ್ನೆ ಎದ್ದಿದೆ. ಆದರೆ ಕೇಬಲ್ ಏಕೆ ಬಂತು ಎಂಬುದು ತಿಳಿಯದೆ, ಏಕೆ ಹೋಗುತ್ತಿದೆ ಎಂಬುದು ತಿಳಿಯುವಂತಿಲ್ಲ. ಅದು ತಿಳಿಯಬೇಕಾದರೆ ಕಥೆಯನ್ನು ತುರ್ತುಪರಿಸ್ಥಿತಿಯ ದಿನಗಳಿಂದ ಆರಂಭಿಸಬೇಕು.

ಕೀನ್ಯಾದ ಮೇಲಿನ ಉಪಗ್ರಹ

1969ರ ಸೆಪ್ಟೆಂಬರ್‌ನಲ್ಲಿ ಭಾರತದ ಅಣುಶಕ್ತಿ ಇಲಾಖೆ ಮತ್ತು ಅಮೆರಿಕದ ಬಾಹ್ಯಾಕಾಶ ಸಂಸ್ಥೆ ‘ನಾಸಾ’ ನಡುವೆ ಒಂದು ಒಪ್ಪಂದವಾಯಿತು. ನಾಸಾ ತನ್ನ ಒಂದು ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಎರವಲು ಕೊಡುವುದು. ನೆಲದ ಮೇಲಿನ ಕೆಲಸವನ್ನೆಲ್ಲ, ಅಂದರೆ ಭೂಕೇಂದ್ರ, ಟಿ.ವಿ. ಪೆಟ್ಟಿಗೆ, ಕಾರ್ಯಕ್ರಮ ತಯಾರಿಕೆಯನ್ನು ಭಾರತ ನೋಡಿಕೊಳ್ಳುವುದು. ಇದರ ಹಿಂದಿದ್ದವರು ಡಾ. ವಿಕ್ರಂ ಸಾರಾಭಾಯಿ. ನಗರಗಳಿಂದ ಆರಂಭಿಸಿ ನಿಧಾನವಾಗಿ ಹಳ್ಳಿಗೆ ಹೋಗುವ ಬದಲು, ಉಪಗ್ರಹದ ನೆರವಿನಿಂದ ನೇರ ಹಳ್ಳಿಗೇ ಟೆಲಿವಿಷನ್ ಒಯ್ಯಬಹುದು ಎಂಬುದು ಅವರ ವಾದ. 1971ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು, ಯೋಜನೆ ಉಳಿಯಿತು.

ಎಟಿಎಸ್-6 ಎಂಬ ಆ ಉಪಗ್ರಹ 1974ರ ಮೇ 30ರಂದು ಗಗನಕ್ಕೇರಿತು. ಒಂದು ವರ್ಷ ಅಮೆರಿಕದ ಕೆಲಸ ಮುಗಿಸಿ, ಪೂರ್ವಕ್ಕೆ ಸರಿದು, ಕೀನ್ಯಾದ ನೆತ್ತಿಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿತು. 1975ರ ಆಗಸ್ಟ್ 1ರಂದು ಪ್ರಸಾರ ಶುರುವಾಯಿತು. ‘ಸೈಟ್’ ಎಂದು ಹೆಸರಾದ ಈ ಪ್ರಯೋಗಕ್ಕೆ ಆರು ರಾಜ್ಯಗಳ 20 ಜಿಲ್ಲೆಗಳ ಸುಮಾರು 2,400 ಹಳ್ಳಿಗಳನ್ನು ಆರಿಸಲಾಗಿತ್ತು. ಕರ್ನಾಟಕದ ಪಾಲಿಗೆ ಬಂದ ಜಿಲ್ಲೆಗಳು ಮೂರು: ಗುಲ್ಬರ್ಗ, ರಾಯಚೂರು, ವಿಜಾಪುರ. ಆಗಿನ ರಾಯಚೂರು ಜಿಲ್ಲೆಯಲ್ಲಿ ಇಂದಿನ ಕೊಪ್ಪಳವೂ ಸೇರಿತ್ತು. ಮಸ್ಕಿ ಇನ್ನೂ ತಾಲ್ಲೂಕಾಗಿರಲಿಲ್ಲ. ಹಿಂದುಳಿದಿರುವಿಕೆಯೇ ಆಯ್ಕೆಯ ಒಂದು ಅರ್ಹತೆಯಾಗಿತ್ತು. ಬರ, ಗುಳೆ, ಅನಕ್ಷರತೆಗೆ ಹೆಸರಾದ ಜಿಲ್ಲೆಗೆ ಆ ಹೆಸರಿನಿಂದ ಒಂದು ಒಳ್ಳೆಯದಾದ ಅಪರೂಪದ ಪ್ರಸಂಗವಿದು.

ಉಪಕರಣ ಸರಳವಾಗಿತ್ತು. ಸುಮಾರು ಹತ್ತು ಅಡಿ ಅಗಲದ ಆಂಟೆನಾ. ಅದಕ್ಕೆ ಹೊದಿಸಿದ್ದು ಕೋಳಿಗೂಡಿಗೆ ಬಳಸುವಂಥ ತಂತಿಬಲೆ. ಅಗಲಿಸಿಟ್ಟ ಛತ್ರಿಯಂತೆ ಅದು ಶಾಲೆಯ ಅಥವಾ ಪಂಚಾಯಿತಿ ಕಟ್ಟಡದ ಬಳಿ ಆಕಾಶಕ್ಕೆ ಮುಖ ಮಾಡಿ ನಿಂತಿರುತ್ತಿತ್ತು. ಕಪ್ಪುಬಿಳುಪು ಟಿ.ವಿ. ಪೆಟ್ಟಿಗೆ ಹೈದರಾಬಾದಿನ ಇಸಿಐಎಲ್ ಕಾರ್ಖಾನೆಯದು. ಕೊಲಂಬೊದಲ್ಲಿ ನೆಲೆಸಿದ್ದ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಅವರಿಗೂ ಇಂಥದೇ ಒಂದು ಆಂಟೆನಾ ಮತ್ತು ಪೆಟ್ಟಿಗೆಯನ್ನು ಒದಗಿಸಲಾಗಿತ್ತು. ಸ್ಥಿರ ಕಕ್ಷೆಯ ಉಪಗ್ರಹಗಳ ಮೂಲಕ ಜಗತ್ತಿಗೆಲ್ಲ ಪ್ರಸಾರ ಮಾಡಬಹುದೆಂದು 1945ರಷ್ಟು ಹಿಂದೆಯೇ ಬರೆದವರು ಅವರು. ಆ ಲೇಖಕನ ಮನೆಯ ಮೇಲಿದ್ದದ್ದೂ ರಾಯಚೂರು ಸೀಮೆಯ ಶಾಲೆಯ ಅಂಗಳದಲ್ಲಿದ್ದದ್ದೂ ಒಂದೇ ಜಾತಿಯ ಛತ್ರಿ.

ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ. ಅದರಲ್ಲಿ ಪ್ರತಿ ಭಾಷೆಗೆ ಇಪ್ಪತ್ತೆರಡೂವರೆ ನಿಮಿಷ. ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ: ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಒಂದಿಷ್ಟು ಹಾಡು, ನಾಟಕ. ಕನ್ನಡ ಮತ್ತು ತೆಲುಗು ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ನಿಜಾಮರ ಕಾಲದಿಂದ ಕಂದಾಯ, ಕಚೇರಿ, ಕಾಲೇಜುಗಳಿಗೆ ಹೈದರಾಬಾದಿನತ್ತಲೇ ಮುಖ ಮಾಡಿದ್ದ ಈ ಸೀಮೆಗೆ ಅದೇನೂ ಹೊಸ ದಿಕ್ಕಲ್ಲ.

ಇಲ್ಲೊಂದು ತಾಂತ್ರಿಕ ಸಂಗತಿಯನ್ನು ಮರೆಯಬಾರದು. ಉಪಗ್ರಹ ಕಳಿಸುತ್ತಿದ್ದ ಒಂದು ಚಿತ್ರದ ಜೊತೆ ಎರಡು ಧ್ವನಿಗಳು ಬರುತ್ತಿದ್ದವು. ಹಾಗಾಗಿ ಒಂದೇ ದೃಶ್ಯವನ್ನು ಒಂದೂರಿನವರು ಕನ್ನಡದಲ್ಲಿ, ಇನ್ನೊಂದೂರಿನವರು ತೆಲುಗಿನಲ್ಲಿ ಕೇಳಲು ಅವಕಾಶವಿತ್ತು. ಈ ಉಪಾಯ ಆಮೇಲೆ ನಾಲ್ಕು ದಶಕ ಕಾಲ ಕನ್ನಡ ವೀಕ್ಷಕನ ಕಣ್ಣಿಗೆ ಬೀಳಲಿಲ್ಲ. ಅದು ಮರಳಿ ಬಂದ ಬಗೆಯನ್ನು ಮುಂದೆ ನೋಡಬಹುದು.

ಮೊದಮೊದಲು ಪೆಟ್ಟಿಗೆಯ ಮುಂದೆ ಜನಜಾತ್ರೆ. ಕುತೂಹಲ ಇಳಿದ ಮೇಲೆ ಒಂದು ಪೆಟ್ಟಿಗೆಗೆ ಸುಮಾರು ನೂರು ಮಂದಿಯಷ್ಟು ನಿಂತರು, ಅದೂ ಕಡಿಮೆಯೇನಲ್ಲ. ಕಾರ್ಯಕ್ರಮಗಳೆಲ್ಲ ಸರ್ಕಾರದವು. ಅದು ಬಾಯಿಗೆ ಬೀಗ ಬಿದ್ದ ಕಾಲ. ಹಳ್ಳಿಗರಿಗೆ ಕೇಳಿಸಿದ್ದೆಲ್ಲ ದೆಹಲಿ ಒಪ್ಪಿದ ಮಾತೇ. ಅಷ್ಟಾದರೂ ಪ್ರಯೋಗ ಒಂದನ್ನು ಸ್ಪಷ್ಟಪಡಿಸಿತು: ನಡುವೆ ಯಾರೂ ಇಲ್ಲದೆ, ತಂತಿ ಎಳೆಯದೆ, ಗೋಪುರ ಕಟ್ಟದೆ, ದೂರದ ಹಳ್ಳಿಗೆ ಚಿತ್ರ ಮುಟ್ಟಿಸಬಹುದು.

1976ರ ಜುಲೈ 31ಕ್ಕೆ ಎರವಲಿನ ಅವಧಿ ಮುಗಿಯಿತು. ಉಪಗ್ರಹವನ್ನು ಅಮೆರಿಕ ವಾಪಸು ಒಯ್ದಿತು. ಮರುದಿನದಿಂದ ಛತ್ರಿಗಳು ಬರಿದೇ ನಿಂತವು. ಸೈಟ್ ಜಿಲ್ಲೆಗಳ ಕೈಬಿಡಬಾರದೆಂದು 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಪ್ರಸಾರ ಕೇಂದ್ರ ತೆರೆಯಲಾಯಿತು. ಕರ್ನಾಟಕದ ಮೊದಲ ದೂರದರ್ಶನ ಕೇಂದ್ರವೆಂಬ ಹೆಮ್ಮೆ ಆ ನಗರದ್ದು. ಆದರೆ ಗೋಪುರದಿಂದ ಹೊರಟ ಅಲೆ ಕಣ್ಣಳತೆಗಿಂತ ಬಹಳ ಮುಂದೆ ಹೋಗದು. ಸಿಂಧನೂರು ಅಲ್ಲಿಂದ ನೂರೈವತ್ತು ಕಿಲೋಮೀಟರಿಗೂ ದೂರ. ಲಿಂಗಸುಗೂರು ನೂರಕ್ಕೂ ಹೆಚ್ಚು. ಆಕಾಶದಿಂದ ಬಂದದ್ದು ಆಕಾಶಕ್ಕೇ ಹೋಯಿತು.

ಕಾಲುವೆ ಮತ್ತು ಕೇಬಲ್

ಎಂಬತ್ತರ ದಶಕದ ಮಾತನ್ನು ಬೇಗ ಮುಗಿಸಬಹುದು. 1982ರ ಏಷ್ಯನ್ ಕ್ರೀಡಾಕೂಟದೊಂದಿಗೆ ಬಣ್ಣ ಬಂತು. 1983ರಲ್ಲಿ ಮೇಲೇರಿದ ಇನ್ಸಾಟ್-1ಬಿ ಉಪಗ್ರಹದ ನೆರವಿನಿಂದ ಸಣ್ಣ ಮರುಪ್ರಸಾರ ಕೇಂದ್ರಗಳು ದೇಶದ ತುಂಬ ಎದ್ದವು. ಮನೆಮನೆಯ ಮಾಳಿಗೆಯ ಮೇಲೆ ಮೀನಿನ ಮುಳ್ಳಿನಾಕಾರದ ಅಲ್ಯೂಮಿನಿಯಂ ಆಂಟೆನಾ ಕಂಡವು. ಗಾಳಿಗೆ ತಿರುಗಿದ ಆಂಟೆನಾವನ್ನು ಒಬ್ಬ ಮೇಲೆ ಹತ್ತಿ ತಿರುಗಿಸುವುದು, ಕೆಳಗಿನಿಂದ ಇನ್ನೊಬ್ಬ ‘ಬಂತು, ಬಂತು, ಹೋಯ್ತು’ ಎಂದು ಕೂಗುವುದು ಆಗಿನ ಪೀಳಿಗೆಗೆ ನೆನಪಿರಬಹುದು. 1987ರ ಜನವರಿಯಿಂದ ಭಾನುವಾರ ಬೆಳಿಗ್ಗೆ ರಾಮಾಯಣ. ಹಿಂದಿಯಲ್ಲಿದ್ದರೂ ಅರ್ಥವಾಗದವರಿರಲಿಲ್ಲ, ಕಥೆ ಗೊತ್ತಿತ್ತು. 1985ರಲ್ಲಿ ಶಕ್ತಿನಗರದ ಶಾಖೋತ್ಪನ್ನ ಕೇಂದ್ರ ವಿದ್ಯುತ್ ಉತ್ಪಾದನೆ ಆರಂಭಿಸಿದ್ದರೂ, ರಾಜ್ಯಕ್ಕೆ ಬೆಳಕು ಕೊಡುವ ಜಿಲ್ಲೆಯ ಹಳ್ಳಿಗಳಲ್ಲಿ ಕರೆಂಟು ಹೋಗುವುದು ಮಾತ್ರ ತಪ್ಪಲಿಲ್ಲ.

1991ರ ಜನವರಿಯ ಕೊಲ್ಲಿ ಯುದ್ಧವನ್ನು ಸಿಎನ್ಎನ್ ವಾಹಿನಿ ನೇರ ತೋರಿಸಿತು. ದೊಡ್ಡ ನಗರಗಳ ಹೋಟೆಲುಗಳಲ್ಲಿ ಜನ ಅದನ್ನು ಕಂಡರು. ಅದೇ ವರ್ಷ ಸ್ಟಾರ್, 1992ರ ಅಕ್ಟೋಬರ್‌ನಲ್ಲಿ ಜೀ ಆರಂಭವಾದವು. ಕನ್ನಡದ ಮೊದಲ ಖಾಸಗಿ ಉಪಗ್ರಹ ವಾಹಿನಿ ‘ಉದಯ’ 1994ರ ಜೂನ್‌ನಲ್ಲಿ ಬಂತು.

ಈ ವಾಹಿನಿಗಳೂ ಉಪಗ್ರಹದಿಂದಲೇ ಇಳಿಯುತ್ತಿದ್ದವು. ಹಾಗಿದ್ದರೆ ಸೈಟ್ ಕಾಲದಂತೆ ನೇರ ಹಿಡಿಯಬಹುದಿತ್ತಲ್ಲ? ಹಿಡಿಯಬಹುದಿತ್ತು, ಹಣವಿದ್ದವರು. ಎಟಿಎಸ್-6 ತನ್ನ ಬೃಹತ್ ಆಂಟೆನಾದಿಂದ ಬಲವಾದ ಅಲೆ ಕಳಿಸುತ್ತಿದ್ದುದರಿಂದ ನೆಲದ ಮೇಲೆ ತಂತಿಬಲೆ ಸಾಕಾಗುತ್ತಿತ್ತು. ತೊಂಬತ್ತರ ದಶಕದ ಉಪಗ್ರಹಗಳು ಅರ್ಧ ಏಷ್ಯಾದ ಮೇಲೆ ತೆಳ್ಳಗೆ ಅಲೆ ಹರಡುತ್ತಿದ್ದವು. ಅದನ್ನು ಹಿಡಿಯಲು ಎಂಟು, ಹತ್ತು, ಹನ್ನೆರಡು ಅಡಿಯ ಗಟ್ಟಿ ಡಿಷ್ ಬೇಕು. ಒಂದೊಂದು ಉಪಗ್ರಹಕ್ಕೆ ಒಂದೊಂದು. ಪ್ರತಿ ವಾಹಿನಿಗೆ ಪ್ರತ್ಯೇಕ ರಿಸೀವರ್. ಒಬ್ಬ ಗೃಹಸ್ಥನಿಗೆ ಇದು ಕೈಗೆಟುಕದು. ಊರಿಗೊಬ್ಬ ಸಾಲ ಮಾಡಿ ಡಿಷ್ ಹಾಕಿಸಿ, ಅಲ್ಲಿಂದ ಮನೆಮನೆಗೆ ತಂತಿ ಎಳೆದರೆ ತಿಂಗಳಿಗಿಷ್ಟು ಎಂದು ವಸೂಲಿ ಮಾಡಬಹುದು. ಹೀಗೆ ಹುಟ್ಟಿದವನು ಕೇಬಲ್ ಆಪರೇಟರ್. ಅವನ ಬಂಡವಾಳ ಡಿಷ್ ಅಲ್ಲ, ಡಿಷ್‌ನ ದುಬಾರಿತನ. ಈ ಒಂದು ಮಾತು ಹಿಡಿದರೆ ಕೇಬಲ್ಲಿನ ಏಳುಬೀಳು ಎರಡೂ ಅರ್ಥವಾಗುತ್ತವೆ.

ಸಿಂಧನೂರಿನವರಿಗೆ ಕೇಬಲ್ ವ್ಯವಸ್ಥೆಯನ್ನು ವಿವರಿಸುವುದು ಸುಲಭ. ಅದು ತುಂಗಭದ್ರಾ ಎಡದಂಡೆ ಕಾಲುವೆಯಂತೆ. ಡಿಷ್ ಇರುವ ಕೋಣೆ ಅಣೆಕಟ್ಟು. ರಸ್ತೆಬದಿಯ ಕಂಬಗಳ ಮೇಲೆ ಹಾಯುವ ದಪ್ಪ ತಂತಿ ಮುಖ್ಯ ಕಾಲುವೆ. ಓಣಿಯ ತಂತಿ ಉಪಕಾಲುವೆ. ಮನೆಯ ತಂತಿ ಹೊಲಗಾಲುವೆ. ಹರಿದಷ್ಟೂ ಸೋರಿಕೆ. ಹಾಗಾಗಿ ನಡುನಡುವೆ ಅಲೆಗೆ ಬಲ ತುಂಬುವ ಆಂಪ್ಲಿಫೈಯರ್ ಪೆಟ್ಟಿಗೆ ಇಡಬೇಕು. ಆದರೂ ಮೇಲ್ಭಾಗದ ಮನೆಗೆ ಚಿತ್ರ ನಿಚ್ಚಳ, ಕೊನೆಭಾಗದ ಮನೆಗೆ ತೆರೆಯ ತುಂಬ ಹುಳು ಹರಿದಾಡಿದಂತೆ. ಕಾಲುವೆಯ ಕೊನೆಭಾಗದ ರೈತರ ಗೋಳು ಬಲ್ಲವರಿಗೆ ಕೇಬಲ್ಲಿನ ಕೊನೆಭಾಗದ ಗೋಳು ಹೊಸದೆನಿಸಲಿಲ್ಲ. ನಡುವೆ ಕೊಕ್ಕೆ ಹಾಕಿ ಕದಿಯುವವರೂ ಎರಡು ಕಡೆಯೂ ಇದ್ದರು.

ಕಾಲುವೆ ಬಂದದ್ದರಿಂದಲೇ ಈ ಭಾಗದ ಕೇಬಲ್ಲಿಗೆ ಇನ್ನೊಂದು ವಿಶೇಷ ಒದಗಿತು. ನೀರಾವರಿಯ ಜಾಡು ಹಿಡಿದು ಆಂಧ್ರದಿಂದ ಬಂದ ರೈತರು ಭತ್ತ ಬೆಳೆಯುತ್ತ ‘ಕ್ಯಾಂಪು’ಗಳಲ್ಲಿ ನೆಲೆಸಿದರು. ಸಿಂಧನೂರಿನ ಬಳಿಯ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತ ಬಂಗಾಳಿ ಕುಟುಂಬಗಳಿವೆ. ಪೇಟೆಯಲ್ಲಿ ಉರ್ದು, ಮಾರ್ವಾಡಿ. ಲಿಂಗಸುಗೂರು ಹಿಂದೆ ದಂಡಿನ ಛಾವಣಿಯಿದ್ದ ಊರು. ಅದೇ ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯ ಕೆಲಸಕ್ಕೆ ಸೇರಿದ ಹಲವು ಕಡೆಯ ಜನ. ಇಂಥ ಕಡೆ ಯಾವ ವಾಹಿನಿಯನ್ನು ಎಷ್ಟನೆಯ ನಂಬರಿಗೆ ಹಾಕಬೇಕೆಂಬುದು ಸಣ್ಣ ಮಾತಲ್ಲ. ಹಳೆಯ ಟಿ.ವಿ. ಪೆಟ್ಟಿಗೆಗಳಲ್ಲಿ ಹಿಡಿಯುತ್ತಿದ್ದದ್ದು ಹತ್ತು ಹನ್ನೆರಡು ವಾಹಿನಿ. 1995ರಲ್ಲಿ ಜೆಮಿನಿ ಮತ್ತು ಈಟಿವಿ ಎಂಬ ತೆಲುಗು ವಾಹಿನಿಗಳು ಶುರುವಾದ ಮೇಲೆ ಕ್ಯಾಂಪಿನವರಿಗೆ ಅವು ಬೇಕೇ ಬೇಕು. ಬಂಗಾಳಿಯನ್ನು ಎಲ್ಲಿಂದ ತರುವುದು? ದೆಹಲಿಯ ಕಾನೂನೂ ಹೈದರಾಬಾದಿನ ಸ್ಟುಡಿಯೋವೂ ತೀರ್ಮಾನಿಸದ ಭಾಷಾ ನೀತಿಯನ್ನು ತಂತಿ ಎಳೆಯುವ ಹುಡುಗರನ್ನಿಟ್ಟುಕೊಂಡ ಒಬ್ಬ ವ್ಯಾಪಾರಿ ತೀರ್ಮಾನಿಸುತ್ತಿದ್ದ. ಜನ ಅವನ ಮನೆಗೇ ಹೋಗಿ ಜಗಳವಾಡುತ್ತಿದ್ದರು ಎಂಬುದೇ ಅದರ ದೊಡ್ಡ ಗುಣ. ಜಗಳವಾಡಲು ಒಂದು ಬಾಗಿಲಿತ್ತು.

ಜೊತೆಗೆ ಆಪರೇಟರನ ಸ್ವಂತ ವಾಹಿನಿ. ರಾತ್ರಿ ಒಂದು ಸಿನಿಮಾ, ನಡುವೆ ಬಟ್ಟೆ ಅಂಗಡಿಯ ಮತ್ತು ಬೀಜ ಗೊಬ್ಬರದ ಅಂಗಡಿಯ ಜಾಹೀರಾತು, ಊರ ಜಾತ್ರೆ, ಶಾಲೆಯ ವಾರ್ಷಿಕೋತ್ಸವ, ಯಾರದೋ ಮದುವೆ. ತಾಂತ್ರಿಕವಾಗಿ ಕಳಪೆ, ಕೆಲವೊಮ್ಮೆ ಕಾನೂನುಬಾಹಿರವೂ ಹೌದು, ಏಕೆಂದರೆ ಹೊಸ ಚಿತ್ರಗಳನ್ನು ಹಕ್ಕಿಲ್ಲದೆ ತೋರಿಸುವ ಚಾಳಿ ಇತ್ತು. ಚಿತ್ರಮಂದಿರದ ಮಾಲೀಕರು ಶಪಿಸಿದ್ದರಲ್ಲಿ ಅರ್ಥವಿತ್ತು. ಆದರೂ ತಮ್ಮ ತೇರು, ತಮ್ಮ ಓಣಿಯ ಮುಖಗಳನ್ನು ಟಿ.ವಿ.ಯಲ್ಲಿ ಕಾಣುವ ಭಾಗ್ಯ ತಾಲ್ಲೂಕು ಊರುಗಳ ಜನರಿಗೆ ಮೊದಲು ಸಿಕ್ಕಿದ್ದು ಇದೇ ಕಳಪೆ ವಾಹಿನಿಯಿಂದ.

ಪ್ರಸಂಗವಶಾತ್ ಒಂದು ಮಾತು. ಒಂದೇ ಸಂದೇಶವನ್ನು ನಾಡಿನ ಮೂಲೆಮೂಲೆಗೆ ಮುಟ್ಟಿಸುವ ಪ್ರಯತ್ನ ಈ ಸೀಮೆಗೆ ಎರಡು ಸಾವಿರ ವರ್ಷಕ್ಕೂ ಹಳೆಯದು. ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನವನ್ನು 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಎಂಬುವರು ಗುರುತಿಸಿದರು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಅದರಲ್ಲಿ ಸಿಕ್ಕಿದ್ದರಿಂದ ಇತಿಹಾಸಕಾರರಿಗೆ ದೊಡ್ಡ ಗಂಟು ಬಿಚ್ಚಿತು. ಅದು ಕೂಡ ದೂರದ ರಾಜಧಾನಿಯ ಮಾತೇ, ಪ್ರಾಕೃತ ಭಾಷೆಯಲ್ಲಿ. ಊರವರಿಗೆ ಓದಿ ಹೇಳುವ ಒಬ್ಬ ಮಧ್ಯವರ್ತಿ ಆಗಲೂ ಬೇಕಾಗಿದ್ದಿರಬೇಕು.

ಪೆಟ್ಟಿಗೆಯ ಮೇಲೊಂದು ಪೆಟ್ಟಿಗೆ

ಕಾನೂನು ತಡವಾಗಿ ಬಂತು. 1995ರ ಕೇಬಲ್ ಟೆಲಿವಿಷನ್ ಜಾಲ ನಿಯಂತ್ರಣ ಕಾಯ್ದೆ ಪ್ರಕಾರ ಆಪರೇಟರುಗಳು ಪ್ರಧಾನ ಅಂಚೆ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬೇಕಾಯಿತು. ದೂರದರ್ಶನದ ವಾಹಿನಿಗಳನ್ನು ತೋರಿಸುವುದು ಕಡ್ಡಾಯವಾಯಿತು. ಆದರೆ ನಿಜವಾದ ತಕರಾರು ಲೆಕ್ಕದ್ದು. ಆಪರೇಟರನ ತಂತಿಗೆ ಎಷ್ಟು ಮನೆ ಅಂಟಿಕೊಂಡಿವೆ ಎಂಬುದು ಅವನಿಗೆ ಮಾತ್ರ ಗೊತ್ತು. ವಾಹಿನಿಯವರಿಗೆ ಒಂದು ಲೆಕ್ಕ, ಮನರಂಜನಾ ತೆರಿಗೆಯವರಿಗೆ ಇನ್ನೊಂದು. ಇದನ್ನು ತಡೆಯಲು 2011ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಡಿಜಿಟಲೀಕರಣವನ್ನು ಕಡ್ಡಾಯ ಮಾಡಲಾಯಿತು. 2012ರಲ್ಲಿ ಮಹಾನಗರಗಳು, 2013ರಲ್ಲಿ ಬೆಂಗಳೂರು, ಮೈಸೂರಿನಂಥ ನಗರಗಳು. ಸಿಂಧನೂರು, ಲಿಂಗಸುಗೂರಿನಂಥ ಪಟ್ಟಣಗಳದ್ದು ಮೂರನೆಯ ಹಂತ, ಹಳ್ಳಿಗಳದ್ದು ನಾಲ್ಕನೆಯದು. ಗಡುವು ಮುಂದೂಡಿ ಮುಂದೂಡಿ 2017ರ ಮಾರ್ಚ್‌ಗೆ ಮುಗಿಯಿತು. ಮನೆಮನೆಗೆ ಸೆಟ್‌ಟಾಪ್ ಬಾಕ್ಸ್ ಬಂತು. ಚಿತ್ರ ನಿಚ್ಚಳವಾಯಿತು, ಕೊನೆಭಾಗದ ಹುಳುಗಳು ಸತ್ತವು. ಸ್ವಂತ ಡಿಷ್ ಇಟ್ಟುಕೊಂಡಿದ್ದ ಊರ ಆಪರೇಟರ್ ಮಾತ್ರ ದೂರದ ದೊಡ್ಡ ಕಂಪನಿಯೊಂದರ ಬಿಲ್ ವಸೂಲಿಗಾರನ ಮಟ್ಟಕ್ಕೆ ಇಳಿದ.

2019ರ ಫೆಬ್ರುವರಿಯಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಹೊಸ ದರ ಪದ್ಧತಿ ಬಂತು. ನೂರು ವಾಹಿನಿಗಳಿಗೆ 130 ರೂಪಾಯಿ ಮೂಲ ಶುಲ್ಕ, ಅದರ ಮೇಲೆ ತೆರಿಗೆ, ಅದರ ಮೇಲೆ ಬೇಕಾದ ಪ್ರತಿ ವಾಹಿನಿಗೆ ಬೇರೆ ದರ. ಬೇಕಾದ್ದಕ್ಕಷ್ಟೇ ಹಣ ಎಂಬುದು ಉದ್ದೇಶ. ಎರಡು ಮೂರು ಭಾಷೆಯ ವಾಹಿನಿ ಬೇಕಾದ ಸಿಂಧನೂರಿನಂಥ ಊರಿನಲ್ಲಿ ಅದರ ಪರಿಣಾಮ ಏನಾಗುವುದೆಂದು ಊಹಿಸಲು ಅರ್ಥಶಾಸ್ತ್ರ ಓದಬೇಕಿಲ್ಲ. ಒಂದೇ ಭಾಷೆಯ ಮನೆಗಿಂತ ಇವರ ಬಿಲ್ಲಿಗೆ ಏರಲು ಕಾರಣ ಹೆಚ್ಚು.

ಅಷ್ಟರಲ್ಲಿ ಆಪರೇಟರನ ಮೂಲ ಬಂಡವಾಳವೂ ಕರಗಿತ್ತು. ಉಪಗ್ರಹಗಳ ಅಲೆ ಮತ್ತೆ ಬಲವಾಗಿ, ಎರಡು ಅಡಿಯ ಪುಟ್ಟ ಡಿಷ್ ಸಾಕೆಂಬಂತಾಗಿತ್ತು. 2003ರಿಂದ ಖಾಸಗಿ ಡಿಟಿಎಚ್, 2004ರ ಡಿಸೆಂಬರ್‌ನಿಂದ ದೂರದರ್ಶನದ ಉಚಿತ ಡಿಷ್. ಹೊಲದ ನಡುವಿನ ಒಂಟಿ ಮನೆಗೂ ನೇರ ಆಕಾಶದಿಂದ ಚಿತ್ರ. ಸೈಟ್ ಕನಸು ಮೂವತ್ತು ವರ್ಷಗಳ ಬಳಿಕ ಖಾಸಗಿಯಾಗಿ ನನಸಾಯಿತು. ಅದೂ ಉಳಿಯುವಂತೆ ಕಾಣುವುದಿಲ್ಲ. 2020ರಲ್ಲಿ 7 ಕೋಟಿ ಇದ್ದ ಹಣ ಕಟ್ಟುವ ಡಿಟಿಎಚ್ ಚಂದಾದಾರರು 2024ರ ಮಾರ್ಚ್ ವೇಳೆಗೆ ಸುಮಾರು 6.2 ಕೋಟಿಗೆ, ಮರುವರ್ಷ 5.7 ಕೋಟಿಗೆ ಇಳಿದರು.

ಬೋರ್‌ವೆಲ್ ನೀತಿ

ಇಳಿಸಿದ್ದು ಮೊಬೈಲ್. 2016ರ ಸೆಪ್ಟೆಂಬರ್ 5ರಂದು ಜಿಯೋ ಆರಂಭವಾಗಿ ತಿಂಗಳುಗಟ್ಟಲೆ ಉಚಿತವಾಗಿ ಡೇಟಾ ಹಂಚಿತು. ಉಳಿದ ಕಂಪನಿಗಳೂ ದರ ಇಳಿಸಲೇಬೇಕಾಯಿತು. 2017ರ ಏಪ್ರಿಲ್‌ನಲ್ಲಿ ಅಮೆಜಾನ್ ಕಂಪನಿ ತನ್ನ ಫೈರ್ ಟಿವಿ ಸ್ಟಿಕ್ಕನ್ನು 3,999 ರೂಪಾಯಿಗೆ ಭಾರತದಲ್ಲಿ ಮಾರಾಟಕ್ಕಿಟ್ಟಿತು. ಕಡ್ಡಿಯೊಳಗೆ ಇರುವುದು ಒಂದು ಪುಟ್ಟ ಕಂಪ್ಯೂಟರ್. ಮನೆಯ ವೈಫೈ ಹಿಡಿದು, ದೂರದ ಯಂತ್ರಾಗಾರದಲ್ಲಿಟ್ಟ ಚಿತ್ರವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ತರಿಸಿಕೊಂಡು ಜೋಡಿಸಿ ತೋರಿಸುತ್ತದೆ. ಇಂಟರ್‌ನೆಟ್ ಚುರುಕಾಗಿದ್ದರೆ ಸ್ಫುಟವಾದ ತುಣುಕು ತರಿಸುತ್ತದೆ, ಮಂದವಾದರೆ ಮಸುಕಾದದ್ದು. ಅದೂ ಸಿಗದಿದ್ದರೆ ತೆರೆಯ ನಡುವೆ ಚಕ್ರ ತಿರುಗುತ್ತದೆ.

ಇಲ್ಲಿ ಕಾಲುವೆಯ ಹೋಲಿಕೆ ಮುಗಿದು ಬೋರ್‌ವೆಲ್ಲಿನದು ಶುರುವಾಗುತ್ತದೆ. ಉಪಗ್ರಹದ ಪ್ರಸಾರವನ್ನು ಒಬ್ಬ ನೋಡಿದರೂ ಕೋಟಿ ಜನ ನೋಡಿದರೂ ಕಳಿಸುವವನಿಗೆ ಖರ್ಚು ಒಂದೇ. ಸ್ಟ್ರೀಮಿಂಗ್‌ನಲ್ಲಿ ಪ್ರತಿ ಮನೆಗೂ ಪ್ರತ್ಯೇಕ ಹರಿವು. ತಮಗೆ ಬೇಕಾದಾಗ, ಬೇಕಾದ್ದನ್ನು ತಾವೇ ಎತ್ತಿಕೊಳ್ಳಬೇಕು. ಸ್ವಾತಂತ್ರ್ಯ ಹೆಚ್ಚು, ಆದರೆ ಎತ್ತಿದಷ್ಟೂ ಲೆಕ್ಕ. ಎಚ್‌ಡಿ ಚಿತ್ರವೊಂದು ಗಂಟೆಗೆ ಎರಡು ಮೂರು ಜಿ.ಬಿ. ಡೇಟಾ ಕುಡಿಯುತ್ತದೆ. ದಿನಕ್ಕೆ ಒಂದೂವರೆ ಎರಡು ಜಿ.ಬಿ.ಯ ಮೊಬೈಲ್ ಪ್ಯಾಕ್ ನೆಚ್ಚಿಕೊಂಡು ಟಿ.ವಿ. ಕಡ್ಡಿ ಸಿಕ್ಕಿಸಿದವನಿಗೆ ಅರ್ಧ ಸಿನಿಮಾಕ್ಕೇ ಬೋರು ಬತ್ತುತ್ತದೆ. ಆದ್ದರಿಂದಲೇ ಕಡ್ಡಿ ನಿಜವಾಗಿ ಬೇರೂರುವುದು ಮೊಬೈಲ್ ಗೋಪುರದಿಂದಲ್ಲ, ಮನೆಗೆ ಬಂದ ಫೈಬರ್ ತಂತಿಯಿಂದ.

ಭಾಷೆಯ ವಿಷಯದಲ್ಲಿ ಕಡ್ಡಿ ಮಾಡಿದ ಉಪಕಾರವನ್ನು ಒಪ್ಪಿಕೊಳ್ಳಬೇಕು. ಕನ್ನಡ ಚಿತ್ರೋದ್ಯಮದ ವಿರೋಧದಿಂದಾಗಿ ಪರಭಾಷಾ ಕಾರ್ಯಕ್ರಮಗಳು ಕನ್ನಡಕ್ಕೆ ಡಬ್ ಆಗುವುದು ದಶಕಗಳ ಕಾಲ ನಿಂತೇ ಹೋಗಿತ್ತು. 2012ರಲ್ಲಿ ‘ಸತ್ಯಮೇವ ಜಯತೇ’ ಹಲವು ಭಾಷೆಗಳಲ್ಲಿ ಬಂದರೂ ಕನ್ನಡದ ಟಿ.ವಿ.ಯಲ್ಲಿ ಬರಲಿಲ್ಲ. ಸ್ಪರ್ಧಾ ಆಯೋಗ 2015ರಲ್ಲಿ ಆ ನಿಷೇಧದ ವಿರುದ್ಧ ಆದೇಶ ನೀಡಿತು. 2020ರ ಲಾಕ್‌ಡೌನ್ ದಿನಗಳಲ್ಲಿ ಮಹಾಭಾರತ ಕನ್ನಡದಲ್ಲೇ ಬಂತು. ಈಗ ಕಡ್ಡಿಯ ಪಟ್ಟಿಯಲ್ಲಿ ಒಂದೇ ಚಿತ್ರಕ್ಕೆ ಕನ್ನಡ, ತೆಲುಗು, ಹಿಂದಿ, ಬಂಗಾಳಿ ಧ್ವನಿಗಳನ್ನು ಬೇಕಾದಂತೆ ಆರಿಸಬಹುದು. 2023ರ ಐಪಿಎಲ್ ಪಂದ್ಯಗಳು ಉಚಿತವಾಗಿ ಸ್ಟ್ರೀಮ್ ಆದಾಗ ಕನ್ನಡ ವಿವರಣೆಯೂ ಇತ್ತು. ಸೈಟ್ ಉಪಗ್ರಹದ ‘ಒಂದು ಚಿತ್ರ, ಎರಡು ಧ್ವನಿ’ ಹೀಗೆ ಹಿಂದಿರುಗಿತು. ಬಂಗಾಳಿ ಕ್ಯಾಂಪಿನ ಮನೆಗೆ ತನ್ನ ಭಾಷೆಗಾಗಿ ಯಾರನ್ನೂ ಬೇಡುವ ಅಗತ್ಯ ಉಳಿದಿಲ್ಲ.

ಬದಲಿಗೆ ಕಳೆದದ್ದೂ ಇದೆ. ರಿಮೋಟಿನ ನಂಬರು ಒತ್ತಿ ಕನ್ನಡ ವಾರ್ತೆ ಹಾಕಿಕೊಳ್ಳುತ್ತಿದ್ದ ಮನೆಯ ಹಿರಿಯರಿಗೆ ಈಗ ಮೊಮ್ಮಕ್ಕಳು ಬೇಕು. ಪರದೆಯ ಮೇಲಿನ ಸೂಚನೆಗಳು ಬಹುಪಾಲು ಇಂಗ್ಲಿಷಿನಲ್ಲಿ. ಊರ ತೇರು ಯೂಟ್ಯೂಬಿನಲ್ಲಿ ನೇರ ಬರುತ್ತದೆ ನಿಜ, ಆದರೆ ಹುಡುಕಿದವರಿಗೆ ಮಾತ್ರ. ವಾಹಿನಿ ತಿರುಗಿಸುವಾಗ ತಾನಾಗಿ ಎದುರಾಗುವುದಿಲ್ಲ. ಚಂದಾ ಏರಿದಾಗ, ಪಂದ್ಯದ ನಡುವೆ ಚಕ್ರ ತಿರುಗಿದಾಗ ಜಗಳವಾಡಲು ಬಾಗಿಲಿಲ್ಲ. ಉತ್ತರಿಸುವುದು ಯಂತ್ರದ ಧ್ವನಿ.

ಆಪರೇಟರುಗಳು ಏನಾದರು? ದಂಧೆ ಬಿಟ್ಟವರಿದ್ದಾರೆ. ಉಳಿದವರಿಗೆ ದಾರಿ ತೋರಿಸಿದ್ದು ಅವರದೇ ಹಳೆಯ ಆಸ್ತಿ. ಯಾವ ಕಂಬದಿಂದ ಯಾವ ಮನೆಗೆ ತಂತಿ ಎಳೆಯಬಹುದು, ಯಾವ ಓಣಿಯಲ್ಲಿ ಬಾಕಿ ಉಳಿಸುವವರು ಯಾರು ಎಂಬ ತಿಳಿವಳಿಕೆ ಬೆಂಗಳೂರಿನ ಕಂಪನಿಗಳಿಗಿಲ್ಲ. ಹಳ್ಳಿ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವ, 2011ರಲ್ಲಿ ಕೇಂದ್ರ ಒಪ್ಪಿದ, ಮುಂದೆ ಭಾರತ್‌ನೆಟ್ ಎನಿಸಿದ ಯೋಜನೆ ಕೂಡ ಕೊನೆಯ ಮನೆಯ ಬಾಗಿಲಿಗೆ ಒಬ್ಬ ಸ್ಥಳೀಯನನ್ನೇ ಕಾಯುತ್ತದೆ. ಹೀಗಾಗಿ ಕೇಬಲ್ ಬಿಡಿಸಿಕೊಂಡ ಮನೆಗೆ ಅದೇ ಕಂಬದಿಂದ, ಅನೇಕ ಸಲ ಅದೇ ಕೈ, ಕೂದಲೆಳೆಯಂಥ ಗಾಜಿನ ತಂತಿ ಎಳೆದುಕೊಡುತ್ತಿದೆ. ಅಂಚೆ ಕಚೇರಿಯಲ್ಲಿ ನಡೆಯುತ್ತಿದ್ದ ಕೇಬಲ್ ಆಪರೇಟರುಗಳ ನೋಂದಣಿ 2025ರ ಜನವರಿಯಿಂದ ಪೂರ್ತಿ ಆನ್‌ಲೈನ್ ಆಗಿದೆ.